ಪೈಯಾನ್ ಚದುರಿಕೆ: ಮುರಿದ ಸಮಮಿತಿಯಲ್ಲಿ ರೀನಾರ್ಮಲೈಸೇಷನ್

ಸಮಮಿತಿ ತಾನಾಗಿ ಮುರಿದಿರುವ ಕ್ಷೇತ್ರ ಸಿದ್ಧಾಂತದಲ್ಲಿ ಲೂಪ್ ಲೆಕ್ಕ ಹಾಕಿದರೆ ಅನಂತಗಳು ಏಳುತ್ತವೆ. ಅವುಗಳನ್ನು ತೊಡೆಯಲು ಸಮಮಿತಿಗೆ ಒಗ್ಗದ ಹೊಸ ಪದಗಳನ್ನು ಸೇರಿಸಬೇಕೆ? ಗೆಲ್-ಮಾನ್ ಮತ್ತು ಲೆವಿ 1960ರಲ್ಲಿ ಮಂಡಿಸಿದ ಸಿಗ್ಮಾ ಮಾದರಿಯಲ್ಲಿ ಅದು ಬೇಕಿಲ್ಲವೆಂದು ಬೆಂಜಮಿನ್ ಲೀ 1969ರಲ್ಲಿ ತೋರಿಸಿದರು. ಸಮಮಿತಿ ಮುರಿದಿರುವುದು ನಿರ್ವಾತದಲ್ಲಿ, ಲಗ್ರಾಂಜಿಯನ್‌ನಲ್ಲಲ್ಲ. ಅನಂತಗಳು ಅತಿ ಕಿರಿದಾದ ಅಂತರಗಳಿಂದ ಬರುವಂಥವು. ನಿರ್ವಾತ ಯಾವ ಕಡೆ ವಾಲಿದೆಯೆಂಬುದು ಅಲ್ಲಿ ಲೆಕ್ಕಕ್ಕೇ ಇಲ್ಲ.

ಆ ಮಾದರಿಯ ಸಿಗ್ಮಾ ಕಣವನ್ನು ಕೈಬಿಟ್ಟು ಪೈಯಾನ್‌ಗಳನ್ನಷ್ಟೇ ಇಟ್ಟುಕೊಂಡರೆ ಮಾತ್ರ ಅನಂತಗಳನ್ನು ತೊಡೆಯುವ ಪ್ರತಿಪದಗಳಿಗೆ ಕೊನೆಯಿಲ್ಲ. ಇಂಥ ಸಿದ್ಧಾಂತಕ್ಕೆ ‘ರೀನಾರ್ಮಲೈಸ್ ಆಗದ್ದು’ ಎಂಬ ಹಣೆಪಟ್ಟಿ ಬಹುಕಾಲ ಅಂಟಿಕೊಂಡಿತ್ತು. ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆವೇಗದ ಘಾತಗಳ ಪ್ರಕಾರ ಹಂತಹಂತವಾಗಿ ಸಾಗಿದರೆ ಪ್ರತಿ ಹಂತಕ್ಕೂ ಎಣಿಕೆಯ ಸ್ಥಿರಾಂಕಗಳೇ ಸಾಕೆಂದು ವೈನ್‌ಬರ್ಗ್ 1979ರಲ್ಲಿ ತೋರಿಸಿದರು. ಗಾಸರ್ ಮತ್ತು ಲ್ಯೂಟ್ವೈಲರ್ 1984ರಲ್ಲಿ ಒಂದು ಲೂಪಿನ ಲೆಕ್ಕವನ್ನು ಕ್ರಮಬದ್ಧಗೊಳಿಸಿದರು. ಪೈಯಾನ್-ಪೈಯಾನ್ ಚದುರಿಕೆಗೆ ಆ ಹಂತದಲ್ಲಿ ಬೇಕಾದ ಹೊಸ ಸ್ಥಿರಾಂಕಗಳು ನಾಲ್ಕೇ.

ಐಸೋಸ್ಪಿನ್ ಸೊನ್ನೆಯ ಎಸ್-ತರಂಗದ ಚದುರಿಕೆ ಉದ್ದವನ್ನೇ ನೋಡಿ. ಪೈಯಾನ್ ರಾಶಿಯ ಮಾನದಲ್ಲಿ ವೈನ್‌ಬರ್ಗ್ 1966ರಲ್ಲಿ ಪಡೆದದ್ದು 0.16. ಒಂದು ಲೂಪ್ ಸೇರಿಸಿದರೆ 0.20. ಕಾಲು ಭಾಗದಷ್ಟು ಏರಿಕೆ ಗಾಬರಿ ಹುಟ್ಟಿಸಬಹುದು; ಆದರೆ ರೀನಾರ್ಮಲೈಸೇಷನ್ ಮಾಪಕವನ್ನು 1 ಜಿಇವಿಗೆ ಇಟ್ಟರೆ ಅದರ ಬಹುಪಾಲು ಒಂದೇ ಲಾಗರಿದಮ್‌ನಿಂದ ಬರುತ್ತದೆ, ಮತ್ತು ಆ ಲಾಗರಿದಮ್‌ನ ಗುಣಕವನ್ನು ಸಮಮಿತಿಯೇ ಗೊತ್ತುಮಾಡಿದೆ. ಮಾಪಕ ಬದಲಿಸಿದರೆ ಸ್ಥಿರಾಂಕಗಳೂ ಜೊತೆಗೇ ಸರಿದು ಉತ್ತರವನ್ನು ಕಾಯುತ್ತವೆ.

ಬೆಂಗಳೂರಿನ ಪಾತ್ರ ಬರುವುದು ಇದರ ಮುಂದೆ. ಕಾರ್ಯಕಾರಣ ನಿಯಮ, ಸಂಭವನೀಯತೆಯ ಸಂರಕ್ಷಣೆಗಳಂಥ ಸಾಮಾನ್ಯ ತತ್ತ್ವಗಳ ಮೇಲೆ ನಿಂತ ಸಮೀಕರಣಗಳನ್ನು ಮುಂಬೈನ ಟಾಟಾ ಸಂಸ್ಥೆಯ ಎಸ್. ಎಂ. ರಾಯ್ 1971ರಲ್ಲಿ ಕೊಟ್ಟಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಬಿ. ಅನಂತನಾರಾಯಣ್ ಅವರು ಕೊಲಾಂಜೆಲೊ, ಗಾಸರ್, ಲ್ಯೂಟ್ವೈಲರ್ ಜೊತೆ ಸೇರಿ 2001ರಲ್ಲಿ ಆ ಸಮೀಕರಣಗಳನ್ನು 0.8 ಜಿಇವಿವರೆಗೆ ಬಿಡಿಸಿದರು. ಎರಡು ಚದುರಿಕೆ ಉದ್ದಗಳು ತಿಳಿದರೆ ಕಡಿಮೆ ಶಕ್ತಿಯ ಚದುರಿಕೆಯೆಲ್ಲ ಹತೋಟಿಗೆ ಬರುತ್ತದೆ ಎಂಬುದು ಅದರ ಫಲಿತ. ಗಮನಿಸಿ, ಈ ಸಮೀಕರಣಗಳಲ್ಲಿ ಲೂಪ್ ಲೆಕ್ಕವೇ ಇಲ್ಲ! ಎರಡು ಲೂಪಿನ ಲೆಕ್ಕವನ್ನು ಇದಕ್ಕೆ ಹೊಂದಿಸಿದಾಗ ಐಸೋಸ್ಪಿನ್ ಸೊನ್ನೆಯ ಉದ್ದಕ್ಕೆ ಸಿಕ್ಕಿದ್ದು 0.220, ಅನಿಶ್ಚಿತತೆ 0.005. ಸರ್ನ್‌ನ ಎನ್ಎ48/2 ಪ್ರಯೋಗ ಕೇಯಾನ್ ವಿಘಟನೆಗಳಿಂದ 2010ರಲ್ಲಿ ವರದಿ ಮಾಡಿದ ಬೆಲೆ 0.221.

ಈ ಹೊಂದಾಣಿಕೆಯಲ್ಲೂ ಒಂದು ಲೂಪಿನ ಆ ನಾಲ್ಕರಲ್ಲಿ ಮೂರನೆಯ ಸ್ಥಿರಾಂಕ ಸಡಿಲವಾಗಿಯೇ ಉಳಿಯುತ್ತದೆ. ಪೈಯಾನ್ ರಾಶಿಯ ವರ್ಗ ಕ್ವಾರ್ಕ್ ರಾಶಿಗೆ ನೇರ ಅನುಪಾತದಿಂದ ಎಷ್ಟು ದೂರ ಸರಿಯುತ್ತದೆ ಎಂಬುದು ಅದರ ಕೈಯಲ್ಲಿದೆ. ಚದುರಿಕೆ ಉದ್ದಗಳಿಗೆ ಅದರ ಅರಿವು ಅಷ್ಟಕ್ಕಷ್ಟೇ. ಅದನ್ನು ಬಿಗಿಗೊಳಿಸುತ್ತಿರುವುದು ಕ್ವಾರ್ಕ್ ರಾಶಿಯನ್ನು ಬೇಕಾದಂತೆ ಏರಿಸಿ ಇಳಿಸಬಲ್ಲ ಲ್ಯಾಟಿಸ್ ಗಣನೆ.