ಲಾಳ ಗೊರಸಿಗೆ, ಸ್ಲೈಡರ್ ಚಾಸಿಗೆ: ಬನವಾಸಿ ಕಡೆಯ ಕಲ್ಲುದಾರಿಯ ಕಥೆ

ಇವತ್ತಿನ ಎಪಿಸೋಡ್‌ನಲ್ಲಿ ರಾಜರಿಲ್ಲ, ಯುದ್ಧ ಸ್ವಲ್ಪವೇ ಇದೆ. ಇರೋದು ಒಂದು ಕಲ್ಲು, ಒಂದು ಎತ್ತು, ಒಂದು ಜೀಪು.

ಮೊದಲು ನನ್ನ ತಪ್ಪಿನಿಂದಲೇ ಶುರು ಮಾಡ್ತೀನಿ. ನಾನು ಬನವಾಸಿಯವನು, ಓದಿದ್ದು ಬಿ.ಕಾಂ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಥಾರ್ ತಗೊಂಡೆ. ತಗೊಂಡ ವಾರದಲ್ಲೇ ಎರಡೂ ಬದಿಗೆ ಹೊಳೆಯುವ ದಪ್ಪ ಪೈಪು ಹಾಕಿಸಿದೆ. ಅಂಗಡಿಯವರು ‘ರಾಕ್ ಸ್ಲೈಡರ್’ ಅಂದರು, ನಾನೂ ನಂಬಿದೆ. ಆ ವರ್ಷ ಜುಲೈ ಮಳೆಯಲ್ಲಿ ಸಿದ್ದಾಪುರ ಕಡೆ ಸೋದರಮಾವನ ತೋಟದ ಮನೆಯಿಂದ ಅಜ್ಜಿಯನ್ನ ಶಿರಸಿಗೆ ಡಾಕ್ಟರ್ ಹತ್ತಿರ ಕರಕೊಂಡು ಬರ್ತಿದ್ದೆ. ಅಜ್ಜಿಗೆ ಉಸಿರಾಟದ ತೊಂದರೆ. ಇಳಿಜಾರಲ್ಲಿ ಗಾಡಿ ಜಾರಿ ಎಡಬದಿ ಒಂದು ಚಿರೇಕಲ್ಲಿನ ದಿಬ್ಬದ ಮೇಲೆ ಕೂತುಬಿಡ್ತು. ಪೈಪು ಮಡಚಿ ಬಾಗಿಲ ಕೆಳಗಿನ ತಗಡಿಗೆ ಒತ್ತಿಕೊಂಡಿತು. ಅಜ್ಜಿ ಕೂತ ಕಡೆಯ ಬಾಗಿಲು ತೆಗೆಯೋಕೇ ಬರಲಿಲ್ಲ. ಕೊನೆಗೆ ಡ್ರೈವರ್ ಸೀಟಿನ ಕಡೆಯಿಂದ ಅವರನ್ನ ಎತ್ತಿಕೊಂಡು ಇಳಿಸಿದ್ವಿ. ಮಾವ ಕಂಬಳಿ ಹೊದಿಸಿ, ಟಾರ್ ರಸ್ತೆವರೆಗೆ ಕುರ್ಚಿಯಲ್ಲಿ ಕೂರಿಸಿ ಹೊತ್ತರು. ಅಜ್ಜಿ ಹುಷಾರಾದರು. ಆದರೆ ಜಿಲ್ಲೆಯಲ್ಲಿ ಇವತ್ತಿಗೂ ರೋಗಿಗಳನ್ನ ಜೋಳಿಗೆ ಕಟ್ಟಿ ಹೊತ್ತು ತರೋ ಸುದ್ದಿ ಬರುತ್ತಲ್ಲ, ಗಾಡಿ ಇದ್ದೂ ನಾನು ಅಲ್ಲಿಗೇ ಬಂದು ನಿಂತಿದ್ದೆ.

ಅವತ್ತಿಂದ ಈ ವಿಷಯದ ಹಿಂದೆ ಬಿದ್ದೆ. ಮೊದಲು ಆ ಕಲ್ಲಿನ ಬಗ್ಗೆ.

ನಾವು ಚಿರೇಕಲ್ಲು, ಜಂಬಿಟ್ಟಿಗೆ ಅನ್ನೋದನ್ನ ಜಗತ್ತು ‘ಲ್ಯಾಟರೈಟ್’ ಅನ್ನುತ್ತೆ. ಆ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸತ್ತ ಮೇಲೆ ಈಸ್ಟ್ ಇಂಡಿಯಾ ಕಂಪನಿ ಈ ಸೀಮೆಯ ಕೃಷಿ, ವ್ಯಾಪಾರ ಎಲ್ಲ ಬರೆದುಕೊಂಡು ಬಾ ಅಂತ ಅವನನ್ನ ಕಳಿಸಿತ್ತು. ಕೇರಳದ ಅಂಗಡಿಪುರಂ ಹತ್ತಿರ ಈ ಕಲ್ಲನ್ನ ನೋಡಿ, ಇಟ್ಟಿಗೆ ಅನ್ನೋ ಅರ್ಥದ ಲ್ಯಾಟಿನ್ ಪದದಿಂದ ಹೆಸರು ಮಾಡಿದ. ಅದೇ ಪ್ರವಾಸದಲ್ಲಿ, 1801ರಲ್ಲಿ, ಘಟ್ಟ ಹತ್ತಿ ಯಲ್ಲಾಪುರ, ಸೋಂದಾ, ಶಿರಸಿ ದಾಟಿ ನಮ್ಮ ಬನವಾಸಿಗೂ ಬಂದ. ಅವನ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯ್ತು. ಈ ಕಲ್ಲಿನ ಗುಣ ನಮಗೆಲ್ಲ ಗೊತ್ತು: ನೆಲದೊಳಗೆ ಇರೋವಾಗ ಮೆತ್ತಗೆ, ಕೊಯ್ದು ಇಟ್ಟಿಗೆ ಮಾಡಬಹುದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. ಮಳೆಗಾಲದಲ್ಲಿ ಮೇಲಿನ ಮಣ್ಣು ಕೊಚ್ಚಿ ಹೋಗುತ್ತೆ, ಕಲ್ಲು ತಲೆ ಎತ್ತುತ್ತೆ. ದಾರಿ ನಡುವೆ ಹೋದ ವರ್ಷ ಇಲ್ಲದ ದಿಬ್ಬ ಈ ವರ್ಷ ಇರುತ್ತೆ.

ಈ ದಾರಿಗಳಲ್ಲಿ ಮೊದಲು ಓಡಾಡಿದ್ದು ಹೇರೆತ್ತುಗಳು. ಮೆಣಸು, ಅಡಿಕೆ ಕೆಳಗೆ, ಉಪ್ಪು ಮೇಲೆ. ಆಮೇಲೆ ಹತ್ತಿ ಬಂತು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಹತ್ತಿ ನಿಂತಿತು, ಧಾರವಾಡ ಸೀಮೆಯ ಹತ್ತಿಗೆ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನ ಮದ್ರಾಸಿನಿಂದ ತೆಗೆದು ಬಾಂಬೆ ಪ್ರೆಸಿಡೆನ್ಸಿಗೆ ಸೇರಿಸಿದರು. ಹತ್ತಿ ಬೆಳೆಯೋ ಧಾರವಾಡ ಆಗಲೇ ಬಾಂಬೆಗೆ ಸೇರಿತ್ತು. ಬಂದರೂ ಅದೇ ಆಡಳಿತಕ್ಕೆ ಬರಲಿ ಅನ್ನೋ ಲೆಕ್ಕ. ಕುಮಟಾದಿಂದ ಹಡಗು ಹತ್ತಿದ ಹತ್ತಿಗೆ ಅಲ್ಲಿನ ಪೇಟೆಯಲ್ಲಿ ‘ಕುಂಪ್ಟಾ’ ಅಂತಲೇ ಹೆಸರು. ಕುಮಟಾ ಕಡೆಗೆ ದೇವಿಮನೆ ಘಟ್ಟ, ಅಂಕೋಲಾ ಕಡೆಗೆ ಅರಬೈಲ್ ಘಟ್ಟ. ಇವತ್ತಿಗೂ ನಾವು ಇಳಿಯೋದು ಅಲ್ಲೇ.

ಆ ಗಾಡಿಗಳ ಅಡಿ ಹೇಗೆ ಉಳೀತಿತ್ತು? ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ. ಅದನ್ನ ಕಾಯಿಸಿ ಹಾಕಿ ನೀರು ಸುರಿದರೆ ಕುಗ್ಗಿ ಬಿಗಿಯಾಗುತ್ತೆ. ಎತ್ತಿಗೆ ಲಾಳ. ಗೊರಸು ಸೀಳಿರೋದರಿಂದ ಒಂದು ಕಾಲಿಗೆ ಎರಡು, ನಾಲ್ಕೂ ಕಾಲಿಗೆ ಕಟ್ಟಿದರೆ ಎಂಟು. ಗಾಡಿ ಹೊಡೆದು ಗೊತ್ತಿದ್ದ ನನ್ನ ಅಜ್ಜ ಹೇಳ್ತಿದ್ದ ಮಾತು ಒಂದೇ: “ಲಾಳ ಹೊಡೆಯೋದು ಗೊರಸಿಗೆ. ಮೊಳೆ ಮಾಂಸಕ್ಕೆ ಹೋದ್ರೆ ಎತ್ತು ಕುಂಟುತ್ತೆ.” ನನ್ನ ಥಾರ್‌ಗೆ ಆಗಿದ್ದು ಅದೇ. ಲಾಳ ಮಾಂಸಕ್ಕೆ ಹೊಡೆಸಿದ್ದೆ.

ಈಗ ಜೀಪು. ಅಮೆರಿಕದ ಸೈನ್ಯಕ್ಕೆ ಬ್ಯಾಂಟಮ್ ಕಂಪನಿ 1940ರಲ್ಲಿ ಮೊದಲ ಮಾದರಿ ಕಟ್ಟಿತು. ಮುಂದೆ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಯುದ್ಧ ಮುಗಿಯೋದರೊಳಗೆ 6 ಲಕ್ಷಕ್ಕೂ ಹೆಚ್ಚು ಮಾಡಿದವು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಬಾಂಬೆಯಲ್ಲಿ ಅದನ್ನೇ ಜೋಡಿಸೋಕೆ ಶುರು ಮಾಡಿತು. ಮುಂದೆ ಮಲೆನಾಡಿನ ತೋಟಗಳಿಗೆ ಜೀಪು ಬಂದದ್ದು ನಿಮ್ಮ ಮನೆಯ ಹಿರಿಯರಿಗೇ ಗೊತ್ತು.

ಆ ಹಳೇ ಜೀಪಿಗೆ ಸ್ಲೈಡರ್ ಯಾಕಿರಲಿಲ್ಲ? ಮುಂದಿನ ಮತ್ತು ಹಿಂದಿನ ಚಕ್ರದ ನಡುವಿನ ದೂರ, ಅಂದರೆ ವೀಲ್‌ಬೇಸ್, ಕೇವಲ 80 ಇಂಚು, ಸುಮಾರು 2030 ಮಿಲಿಮೀಟರ್. ಹೊಟ್ಟೆ ಕಲ್ಲಿಗೆ ಸಿಗೋದೇ ಕಡಿಮೆ. ಗೇರ್ ಬಾಕ್ಸ್ ಅಡಿಗೆ ಒಂದು ಸ್ಕಿಡ್ ಪ್ಲೇಟ್ ಇತ್ತು. ಪಕ್ಕದಲ್ಲಿ ಜಾಮ್ ಆಗೋಕೆ ಲೋಹದ ಬಾಗಿಲೇ ಇರಲಿಲ್ಲ! 2020ರ ಥಾರ್‌ನ ವೀಲ್‌ಬೇಸ್ 2450, 2024ರ ಐದು ಬಾಗಿಲ ರಾಕ್ಸ್‌ನದು 2850. ಕಂಪನಿ ಹೇಳೋ ಪ್ರಕಾರ ದಿಬ್ಬ ದಾಟುವ ಕೋನ ಥಾರ್‌ಗೆ 27 ಡಿಗ್ರಿ, ರಾಕ್ಸ್‌ಗೆ 23.9. ಗಾಡಿ ಉದ್ದ ಆಯ್ತು, ಬಾಗಿಲು ಬಂತು, ಬಾಗಿಲ ಕೆಳಗೆ ತೆಳು ತಗಡು ಬಂತು. ಹಾಗಾಗಿ ಅಲ್ಲಿಗೆ ಕಬ್ಬಿಣ ಬೇಕಾಯ್ತು. ಸ್ಲೈಡರ್ ಅಂದರೆ ಅಷ್ಟೇ: ಗಾಡಿಯ ಪೂರ್ತಿ ಭಾರ ತನ್ನ ಮೇಲೆ ತಗೊಂಡು ಕಲ್ಲಿನ ಮೇಲೆ ಜಾರುವ ಪಟ್ಟಿ.

ಹಾಗಾದರೆ ಆಯ್ಕೆ ಹೇಗೆ? ನಾನು ದುಡ್ಡು ಕಳಕೊಂಡು ಕಲಿತದ್ದು, ನಿಮಗೆ ಫ್ರೀ.

ಒಂದು, ಅಂಗಡಿಯಲ್ಲಿ ಮೊಬೈಲ್ ಟಾರ್ಚ್ ಹಾಕ್ಕೊಂಡು ಗಾಡಿ ಅಡಿಗೆ ಬಗ್ಗಿ ನೋಡಿ. ಬ್ರಾಕೆಟ್‌ಗಳು ಚಾಸಿಯ ಉದ್ದ ತೊಲೆಗೆ ಕೂತಿರಬೇಕು. ಬಾಡಿಯ ತಗಡಿಗೆ ಕೂತಿದ್ದರೆ ಅದು ಬರೀ ಮೆಟ್ಟಿಲು. ಚಾಸಿಯೇ ಬೇರೆ ಇಲ್ಲದ ಮೋನೋಕಾಕ್ ಕಾರುಗಳಿಗೆ ಈ ಥರದ ಸ್ಲೈಡರ್ ಕೂರೋದಿಲ್ಲ.

ಎರಡು, ಒಂದೇ ಪ್ರಶ್ನೆ ಕೇಳಿ: “ಇದರ ಮೇಲೆ ಜಾಕ್ ಕೊಟ್ಟು ಗಾಡಿ ಎತ್ತಬಹುದಾ?” ಹೌದು ಅಂದರೆ ಅಲ್ಲೇ ಎತ್ತಿ ತೋರಿಸಲಿ. ಮಾತು ಬದಲಿಸಿದರೆ ಅಂಗಡಿ ಬದಲಿಸಿ.

ಮೂರು, ಪೈಪಿನ ಹೊಳಪು ನೋಡಬೇಡಿ, ಗೋಡೆಯ ದಪ್ಪ ಕೇಳಿ. ಸುಮಾರು 3 ಮಿಲಿಮೀಟರ್ ಇದ್ದರೆ ಒಳ್ಳೆಯದು. ಬಾಡಿಗೂ ಪೈಪಿಗೂ ನಡುವೆ ಜಾಗ ಬಿಟ್ಟಿರಲಿ, ಪೈಪು ಸ್ವಲ್ಪ ಬಗ್ಗಿದರೂ ಬಾಗಿಲು ಉಳಿಯಲಿ.

ನಾಲ್ಕು, ವೆಲ್ಡಿಂಗೋ ಬೋಲ್ಟೋ? ಚಾಸಿಗೆ ವೆಲ್ಡ್ ಮಾಡಿಸಿದರೆ ವಾರಂಟಿ ತಕರಾರು ಬರಬಹುದು, ಬಿಚ್ಚೋಕೂ ಆಗಲ್ಲ. ನಮ್ಮಂಥವರಿಗೆ ಬೋಲ್ಟ್ ಸಾಕು, ಮಳೆಗಾಲದ ಮೊದಲು ಮತ್ತು ನಂತರ ಬಿಗಿ ಮಾಡಿಸಿ.

ಐದು, ಮಳೆ. ಪೈಪಿನೊಳಗೆ ನೀರು ನಿಲ್ಲದ ಹಾಗೆ ಅಡಿಯಲ್ಲಿ ತೂತು ಇರಲಿ. ಪೌಡರ್ ಕೋಟಿಂಗ್ ಚೆಂದ, ಆದರೆ ಒಂದು ಕಡೆ ಎದ್ದರೆ ಒಳಗೊಳಗೇ ತುಕ್ಕು. ಸಾದಾ ಪೇಂಟ್ ಆದರೆ ಕಲ್ಲು ತಾಗಿದ ಜಾಗಕ್ಕೆ ಮನೆಯಲ್ಲೇ ಬಳಿಯಬಹುದು.

ಕಾನೂನೂ ಇದೆ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅದೇ ವಿಷಯದ್ದು. ಮುಂದಿನ ಬುಲ್ ಬಾರ್‌ಗಳ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ 2017ರಲ್ಲೇ ರಾಜ್ಯಗಳಿಗೆ ಬರೆದಿತ್ತು. ಹಾಗಾಗಿ ಹಾಕಿಸೋ ಮೊದಲು ಆರ್‌ಟಿಒದಲ್ಲಿ ಕೇಳಿ, ಬಾಡಿಯ ಅಗಲ ಮೀರಿ ಹೊರಗೆ ಚಾಚೋದು ಬೇಡ.

ಕೊನೆಗೆ ಬಿ.ಕಾಂ ಲೆಕ್ಕ. ಜೋಡಿ ಸ್ಲೈಡರ್ ಸುಮಾರು 40 ಕೆಜಿ ತೂಗಬಹುದು. ದಿನಾ ಹೈವೇ ಮೇಲೆ ಆಫೀಸಿಗೆ ಹೋಗೋರಿಗೆ ಅದು ಡೀಸೆಲ್ ಕುಡಿಯೋ ಪುಕ್ಕಟೆ ಪ್ರಯಾಣಿಕ, ಬೇಡ. ಆದರೆ ಮನೆ ಮತ್ತು ಆಸ್ಪತ್ರೆ ನಡುವೆ ಚಿರೇಕಲ್ಲಿನ ದಾರಿ ಇದ್ದರೆ ಖರ್ಚು ಮಾಡಿ, ಸರಿಯಾದ್ದನ್ನೇ ಹಾಕಿಸಿ.

ನಾನು ಹಳೇ ಪೈಪು ಗುಜರಿಗೆ ಹಾಕಿ, ಚಾಸಿಗೆ ಕೂರೋ ಸ್ಲೈಡರ್ ಹಾಕಿಸಿದೆ. ಈ ಮಳೆಗಾಲ ಅದೇ ದಿಬ್ಬದ ಮೇಲೆ ಒಮ್ಮೆ ‘ಕರ್’ ಅಂತ ಉಜ್ಜಿಕೊಂಡು ಇಳಿದ್ವಿ. ಕೆಳಗೆ ಬಂದ ಮೇಲೆ ಅಜ್ಜಿ ತಾವೇ ಬಾಗಿಲು ತೆಗೆದು, ಮತ್ತೆ ಹಾಕಿ ನೋಡಿದರು. “ಹೂಂ, ಈ ಸಲ ಲಾಳ ಸರಿ ಕೂತಿದೆ” ಅಂದರು.

ನಿಮ್ಮ ಮನೆಯಲ್ಲಿ ಎತ್ತಿನ ಗಾಡಿ, ಹಳೇ ಜೀಪಿನ ನೆನಪಿರೋ ಹಿರಿಯರಿದ್ದರೆ ಅವರನ್ನ ಮಾತಾಡಿಸಿ, ಒಂದು ವಾಯ್ಸ್ ನೋಟ್ ಕಳಿಸಿ. ಮತ್ತೆ ಸಿಗೋಣ.