ಟೂಪಾಕ್ ಶಕೂರನೂ ಅವನ ತಾಯಿಯೂ

ಕ್ರಿ. ಶ. ೧೭೮೧ನೆಯ ಇಸವಿ ಮೇ ತಿಂಗಳ ೧೮ನೆಯ ತಾರೀಖು, ದಕ್ಷಿಣ ಅಮೆರಿಕೆಯ ಪೆರು ದೇಶದ ಕುಸ್ಕೋ ನಗರದ ನಡುಬಯಲಿನಲ್ಲಿ ಸ್ಪೇನಿನ ಅಧಿಕಾರಿಗಳು ಒಬ್ಬ ಬಂಡಾಯಗಾರನನ್ನು ಕೊಲ್ಲಿಸಿದರು. ಅವನ ಹುಟ್ಟುಹೆಸರು ಹೊಸೆ ಗೇಬ್ರಿಯೆಲ್ ಕಾಂಡೋರ್ಕಾಂಕಿ. ಸ್ಪೇನಿನವರ ಗಣಿಗಳಲ್ಲಿಯೂ ನೆಯ್ಗೆಶಾಲೆಗಳಲ್ಲಿಯೂ ಬಲವಂತದಿಂದ ದುಡಿದು ಸಾಯುತ್ತಿದ್ದ ಆ ನಾಡಿನ ಮೂಲಜನರ ಪಕ್ಷವನ್ನು ಹಿಡಿದು ಅವನು ಹಿಂದಿನ ವರ್ಷದ ನವೆಂಬರಿನಲ್ಲಿ ದಂಗೆಯೆದ್ದಿದ್ದನು. ತಾನು ಇಂಕಾ ಅರಸರ ಸಂತತಿಯವನೆಂದು ಸಾರಿ, ಆ ವಂಶದ ಕಡೆಯ ದೊರೆಯ ಹೆಸರಾದ ಟೂಪಾಕ್ ಅಮಾರು ಎಂಬುದನ್ನೇ ತಾನೂ ಧರಿಸಿದ್ದನು. ಕೆಚುವಾ ಭಾಷೆಯಲ್ಲಿ ಆ ಹೆಸರಿಗೆ ತೇಜಸ್ವಿಯಾದ ಸರ್ಪ ಎಂದರ್ಥ. ಹೆಂಡತಿಯನ್ನೂ ಹಿರಿಯ ಮಗನನ್ನೂ ಅವನ ಕಣ್ಣೆದುರಿಗೆ ಕೊಂದ ಬಳಿಕ, ಅವನ ತಲೆಯನ್ನು ಕಡಿಯುವುದಕ್ಕೆ ಮೊದಲು, ಅವನ ನಾಲಗೆಯನ್ನು ಕತ್ತರಿಸಿದರು. ಅಷ್ಟಕ್ಕೇ ತೃಪ್ತರಾಗದೆ, ಇಂಕಾ ಜನರ ಉಡುಗೆಯನ್ನು ನಿಷೇಧಿಸಿ, ಅವರ ಭಾಷೆಯನ್ನೂ ಅಡಗಿಸಲು ಆಜ್ಞೆ ಹೊರಡಿಸಿದರು.

ನೂರತೊಂಬತ್ತು ವರ್ಷಗಳ ತರುವಾಯ, ೧೯೭೧ನೆಯ ಇಸವಿ ಜೂನ್ ೧೬ರಂದು, ನ್ಯೂಯಾರ್ಕ್ ನಗರದ ಪೂರ್ವ ಹಾರ್ಲೆಮಿನಲ್ಲಿ ಒಂದು ಗಂಡು ಮಗು ಹುಟ್ಟಿತು. ಮೊದಲಿಗೆ ಬೇರೊಂದು ಹೆಸರಿಟ್ಟಿದ್ದ ಆ ಕೂಸಿಗೆ ಮರುವರ್ಷ ತಾಯಿಯು ಟೂಪಾಕ್ ಅಮಾರು ಶಕೂರ್ ಎಂದು ಹೆಸರಿಟ್ಟಳು. ಪೆರುವಿಗೂ ಆಕೆಗೂ ರಕ್ತದ ನಂಟೇನೂ ಇರಲಿಲ್ಲ. ಲೋಕದ ಯಾವ ಮೂಲೆಯಲ್ಲಾದರೂ ಪ್ರಬಲರಿಗೆ ತಲೆಬಾಗದವರು ತನ್ನ ಮಗನ ಬಂಧುಗಳು ಎಂಬುದು ಆಕೆಯ ಭಾವನೆಯಾಗಿದ್ದಿತು. ಈ ಮಗನೇ ಮುಂದೆ ರ‍್ಯಾಪ್ ಎಂಬ ನುಡಿಗಾರಿಕೆಯಲ್ಲಿ ಲೋಕಪ್ರಸಿದ್ಧನಾಗಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ ಗುಂಡೇಟಿನಿಂದ ಮಡಿದನು. ಅವನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆ ಗುಂಡಿನಿಂದಲೇ ಆರಂಭಿಸುತ್ತಾರೆ. ಆದರೆ ಅವನ ಮಾತಿನ ಮೂಲವನ್ನು ಅರಸುವವರು ಅವನು ಹುಟ್ಟುವುದಕ್ಕೆ ಒಂದು ತಿಂಗಳು ಮೊದಲು ಮುಗಿದ ಒಂದು ಮೊಕದ್ದಮೆಯ ಬಳಿಗೆ ಹೋಗಬೇಕು.

ತಾಯಿ ಆಫೇನಿ ಶಕೂರ್ ೧೯೪೭ರಲ್ಲಿ ಉತ್ತರ ಕ್ಯಾರೊಲೈನಾ ಸಂಸ್ಥಾನದ ಲಂಬರ್ಟನ್ ಊರಿನಲ್ಲಿ ಬಡತನದಲ್ಲಿ ಹುಟ್ಟಿದವಳು. ನ್ಯೂಯಾರ್ಕಿನ ಬ್ರಾಂಕ್ಸ್ ಕೇರಿಯಲ್ಲಿ ಬೆಳೆದವಳು. ೧೯೬೮ರಲ್ಲಿ ಆಕೆ ಬ್ಲಾಕ್ ಪ್ಯಾಂಥರ್ ಪಕ್ಷವನ್ನು ಸೇರಿದಳು. ಕರಿಯ ಜನರ ಮೇಲೆ ಪೋಲೀಸರು ನಡೆಯಿಸುತ್ತಿದ್ದ ದೌರ್ಜನ್ಯವನ್ನು ಆಯುಧ ಹಿಡಿದು ಎದುರಿಸಬೇಕೆಂದು ಹೇಳುತ್ತಿದ್ದ ಆ ಪಕ್ಷವೇ ಬಡ ಮಕ್ಕಳಿಗೆ ಬೆಳಗಿನ ಉಪಾಹಾರವನ್ನೂ ಬಡಿಸುತ್ತಿದ್ದಿತು. ೧೯೬೯ರ ಏಪ್ರಿಲ್ ೨ರಂದು ನ್ಯೂಯಾರ್ಕಿನ ಸರಕಾರವು ಆ ಪಕ್ಷದ ೨೧ ಮಂದಿಯ ಮೇಲೆ, ಪೋಲೀಸ್ ಠಾಣೆಗಳನ್ನೂ ದೊಡ್ಡ ಅಂಗಡಿಗಳನ್ನೂ ಸಿಡಿಮದ್ದಿನಿಂದ ಉಡಾಯಿಸುವ ಒಳಸಂಚನ್ನು ಹೂಡಿದರೆಂದು ಆರೋಪ ಹೊರಿಸಿತು. ಒಬ್ಬೊಬ್ಬರಿಗೂ ಕೇಳಿದ ಜಾಮೀನು ಒಂದು ಲಕ್ಷ ಡಾಲರು.

ಆಫೇನಿಯು ಕಾನೂನನ್ನು ಓದಿದವಳಲ್ಲ. ಆದರೂ ವಕೀಲರನ್ನು ಬೇಡವೆಂದು ತನ್ನ ಪರವಾಗಿ ತಾನೇ ವಾದಿಸಲು ನಿಂತಳು. ತಪ್ಪಿದರೆ ಜೀವಮಾನವೇ ಸೆರೆಮನೆಯಲ್ಲಿ ಕಳೆಯಬೇಕಾದ್ದು ತಾನಾದ್ದರಿಂದ ಮಾತಾಡಬೇಕಾದವಳೂ ತಾನೇ ಎಂಬುದು ಆಕೆಯ ತರ್ಕವಾಗಿದ್ದಿತು. ಜೊತೆಯ ಆರೋಪಿಗಳಲ್ಲಿ ಕೆಲವರು ಇದನ್ನು ಹುಚ್ಚು ಸಾಹಸವೆಂದು ತಿಳಿದರು. ವಿಚಾರಣೆಯ ನಡುವೆ ಇಬ್ಬರು ಸಹ ಆರೋಪಿಗಳು ತಲೆಮರೆಸಿಕೊಂಡುದರಿಂದ ಆಕೆಯ ಜಾಮೀನೂ ರದ್ದಾಗಿ, ಬಸುರಿಯು ಸೆರೆಮನೆಗೆ ಮರಳಬೇಕಾಯಿತು. ಪಕ್ಷದೊಳಕ್ಕೆ ಗುಪ್ತವಾಗಿ ಸೇರಿಕೊಂಡಿದ್ದ ಪೋಲೀಸನೊಬ್ಬನು ಸಾಕ್ಷಿ ನುಡಿಯಲು ಬಂದಾಗ ಆಕೆಯೇ ಅವನಿಗೆ ಪಾಟೀಸವಾಲು ಹಾಕಿದಳು. ತಾನು ಆಸ್ಪತ್ರೆಯಲ್ಲಿಯೂ ಶಾಲೆಗಳಲ್ಲಿಯೂ ಜನರಿಗಾಗಿ ದುಡಿದುದನ್ನು ಕಂಡಿದ್ದಾನೆಂಬುದನ್ನು ಅವನ ಬಾಯಿಂದಲೇ ಹೊರಡಿಸಿದಳು. ಆ ಸಂಸ್ಥಾನದ ಇತಿಹಾಸದಲ್ಲಿ ಅಷ್ಟು ದೀರ್ಘವಾದ ವಿಚಾರಣೆಯು ಅಂದಿನವರೆಗೆ ನಡೆದಿರಲಿಲ್ಲ. ೧೯೭೧ರ ಮೇ ತಿಂಗಳ ನಡುವಿನಲ್ಲಿ ಪಂಚರು ಕೆಲವೇ ಗಂಟೆಗಳಲ್ಲಿ ಆಲೋಚಿಸಿ, ಒಟ್ಟು ೧೫೬ ಆರೋಪಗಳಲ್ಲಿ ಒಂದೂ ಉಳಿಯದಂತೆ ಎಲ್ಲರನ್ನೂ ನಿರ್ದೋಷಿಗಳೆಂದು ಸಾರಿದರು. ಬರಿಯ ಮಾತಿನ ಬಲದಿಂದ ಸೆರೆಯ ಬಾಗಿಲು ತೆರೆಯಿತು. ಹುಟ್ಟಬೇಕಾದ ಮಗುವು ಸೆರೆಮನೆಯ ಹೊರಗೆ ಹುಟ್ಟಿತು.

ಗೆಲುವು ಅನ್ನವನ್ನು ತರಲಿಲ್ಲ. ಪಕ್ಷವು ಒಡೆದು ಚೂರಾಯಿತು. ಹಳೆಯ ಸಂಗಾತಿಗಳು ಸತ್ತರು, ಇಲ್ಲವೆ ಸೆರೆ ಸೇರಿದರು. ಹುಡುಗನ ಮಲತಂದೆಯಾದ ಮುಟುಲು ಶಕೂರನು ೧೯೮೨ರಿಂದ ನಾಲ್ಕು ವರ್ಷ ಕೇಂದ್ರ ಪೋಲೀಸರ ಹತ್ತು ಮಂದಿ ಮುಖ್ಯ ಪರಾರಿಗಳ ಪಟ್ಟಿಯಲ್ಲಿದ್ದನು. ತಾಯಿಮಕ್ಕಳು ಬಾಡಿಗೆಯ ಕೋಣೆಯಿಂದ ಕೋಣೆಗೆ, ಊರಿನಿಂದ ಊರಿಗೆ ಅಲೆದರು. ಈ ಅಲೆದಾಟದಲ್ಲಿಯೇ ಹುಡುಗನಿಗೆ ಒಂದು ಸುದೈವವೂ ಒದಗಿತು. ಅವರು ಬಾಲ್ಟಿಮೋರ್ ನಗರದಲ್ಲಿದ್ದಾಗ ಅಲ್ಲಿಯ ಸರಕಾರಿ ಕಲಾಶಾಲೆಯಲ್ಲಿ ಅವನಿಗೆ ಸ್ಥಳ ದೊರೆಯಿತು. ನಾಟಕ, ಕಾವ್ಯ, ನೃತ್ಯಗಳನ್ನು ಕಲಿತನು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಪಾತ್ರ ಧರಿಸಿದನು. ಸ್ಪಷ್ಟೋಚ್ಚಾರ, ನಿಲುಗಡೆ, ದನಿಯ ಏರಿಳಿತಗಳು ಅವನಿಗೆ ಒಲಿದದ್ದು ಬೀದಿಯಲ್ಲಿ ಮಾತ್ರವಲ್ಲ, ಈ ರಂಗಮಂಚದ ಮೇಲೆಯೂ ಎಂಬುದನ್ನು ಮರೆಯಬಾರದು. ಆದರೆ ೧೯೮೮ರಲ್ಲಿ, ಓದು ಮುಗಿಯುವ ಮೊದಲೇ, ಮನೆಯು ಕ್ಯಾಲಿಫೋರ್ನಿಯದ ಮರಿನ್ ಸಿಟಿಗೆ ಹೋಯಿತು. ನ್ಯಾಯಾಲಯವನ್ನೇ ಗೆದ್ದ ತಾಯಿಯು ಕ್ರ್ಯಾಕ್ ಎಂಬ ಮಾದಕ ದ್ರವ್ಯಕ್ಕೆ ಸೋತುಹೋಗಿದ್ದಳು. ಹದಿನೇಳರ ಹುಡುಗನು ಮನೆಬಿಟ್ಟು ಗೆಳೆಯರ ಆಶ್ರಯದಲ್ಲಿ ದಿನ ನೂಕಿದನು.

ರ‍್ಯಾಪ್ ಎಂಬುದು ಅಷ್ಟರಲ್ಲಿ ಹದಿನೈದು ವರ್ಷದ ಕಲೆ. ೧೯೭೩ರ ಆಗಸ್ಟಿನಲ್ಲಿ ಬ್ರಾಂಕ್ಸಿನ ಸೆಡ್ಜ್‌ವಿಕ್ ಅವೆನ್ಯೂವಿನ ಒಂದು ವಸತಿಗೃಹದ ಕೂಟದಲ್ಲಿ, ಜಮೈಕಾ ದ್ವೀಪದಿಂದ ಬಂದಿದ್ದ ಕೂಲ್ ಹರ್ಕ್ ಎಂಬ ತರುಣನು ಎರಡು ಗ್ರಾಮೋಫೋನುಗಳನ್ನು ಹೂಡಿ, ಹಾಡಿನಲ್ಲಿ ತಾಳವಾದ್ಯವೊಂದೇ ಮೊಳಗುವ ಭಾಗವನ್ನು ಮತ್ತೆ ಮತ್ತೆ ನುಡಿಸಿದನು. ಅದರಿಂದ ಈ ಕಲೆಯು ಹುಟ್ಟಿತೆಂದು ಎಣಿಸುವುದು ವಾಡಿಕೆ. ಆ ತಾಳದ ಮೇಲೆ ಪ್ರಾಸಬದ್ಧವಾಗಿ ಮಾತಾಡುವುದೇ ರ‍್ಯಾಪ್. ರಾಗಕ್ಕೆ ಇಲ್ಲಿ ಎರಡನೆಯ ಸ್ಥಾನ. ನಮ್ಮ ಹಳೆಯ ಕವಿಗಳು ಆದಿಪ್ರಾಸವನ್ನು ಪಾಲಿಸಿದಂತೆ ಇವರು ಅಂತ್ಯಪ್ರಾಸವನ್ನೂ ಒಳಪ್ರಾಸವನ್ನೂ ಹೆಣೆಯುತ್ತಾರೆ. ಪ್ರಾಸದ ಚಮತ್ಕಾರವೊಂದನ್ನೇ ಒರೆಗೆ ಹಚ್ಚಿದರೆ ನ್ಯೂಯಾರ್ಕಿನ ರಕೀಮನೂ ನಾಸನೂ ಟೂಪಾಕನಿಗಿಂತ ಮೇಲೆಂದು ಹೇಳಬೇಕಾಗುತ್ತದೆ. ಅವನ ಶಕ್ತಿಯು ಬೇರೆ ಕಡೆಯಲ್ಲಿದ್ದಿತು. ಎದುರಿಗೆ ನಿಂತ ಒಬ್ಬನೇ ಒಬ್ಬ ಮನುಷ್ಯನಿಗೆ, ಅವನು ಒಪ್ಪಲೇಬೇಕೆಂಬ ಹಟದಿಂದ, ಹೇಳುತ್ತಿರುವನೋ ಎಂಬಂತೆ ಅವನು ನುಡಿಯುತ್ತಿದ್ದನು. ಅದು ಪಂಚರ ಮುಂದೆ ನಿಂತವರ ಮಾತಿನ ರೀತಿ.

ಡಿಜಿಟಲ್ ಅಂಡರ್‌ಗ್ರೌಂಡ್ ಎಂಬ ಮೇಳದಲ್ಲಿ ಸಾಮಾನು ಹೊರುವವನಾಗಿಯೂ ಕುಣಿಯುವವನಾಗಿಯೂ ಸೇರಿ, ೧೯೯೧ರಲ್ಲಿ ಅದರೊಡನೆ ಮೊದಲ ಸಲ ಧ್ವನಿಮುದ್ರಿಕೆಯಲ್ಲಿ ಕೇಳಿಸಿದ ಅವನು, ಅದೇ ವರ್ಷದ ನವೆಂಬರಿನಲ್ಲಿ 'ಟೂಪಾಕಲಿಪ್ಸ್ ನೌ' ಎಂಬ ತನ್ನ ಮೊದಲ ಸಂಪುಟವನ್ನು ಹೊರಡಿಸಿದನು. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಹೆತ್ತು, ಗತಿಗಾಣದೆ ಕೂಸನ್ನು ಕಸಕ್ಕೆ ಎಸೆದ ವಾರ್ತೆಯನ್ನು ಪತ್ರಿಕೆಯಲ್ಲಿ ಓದಿ ಅವನು ಕಟ್ಟಿದ ಕಥನವು ಅದರಲ್ಲಿದೆ. ಆ ಹುಡುಗಿಯನ್ನು ಅವನು ಹಳಿಯುವುದಿಲ್ಲ. ಅವಳ ಸುತ್ತಲಿನವರು ಏನು ಮಾಡುತ್ತಿದ್ದರೆಂದು ಕೇಳುತ್ತಾನೆ. ಅದೇ ಸಂಪುಟದಲ್ಲಿ ಪೋಲೀಸರ ಮೇಲೆ ಉರಿಯುವ ನುಡಿಗಳೂ ಇದ್ದುವು. ೧೯೯೨ರಲ್ಲಿ ಟೆಕ್ಸಾಸ್ ಸಂಸ್ಥಾನದಲ್ಲಿ ಒಬ್ಬ ಪೋಲೀಸನನ್ನು ಕೊಂದ ತರುಣನು ಆ ಮುದ್ರಿಕೆಯನ್ನು ಕೇಳುತ್ತಿದ್ದನೆಂಬ ಸುದ್ದಿ ಹಬ್ಬಿದಾಗ, ಉಪಾಧ್ಯಕ್ಷನಾಗಿದ್ದ ಡ್ಯಾನ್ ಕ್ವೇಲನು ಇಂಥ ಸಂಪುಟಕ್ಕೆ ಸಮಾಜದಲ್ಲಿ ಎಡೆಯಿರಕೂಡದೆಂದು ಬಹಿರಂಗವಾಗಿ ಖಂಡಿಸಿದನು. ಇಪ್ಪತ್ತೊಂದರ ತರುಣನೊಬ್ಬನ ಮಾತಿಗೆ ರಾಷ್ಟ್ರದ ಎರಡನೆಯ ಅಧಿಕಾರಿಯು ಉತ್ತರ ಕೊಟ್ಟಂತಾಯಿತು.

ಆ ಕಾಲದಲ್ಲಿ ಅವನು ತನ್ನ ಹೊಟ್ಟೆಯ ಮೇಲೆ 'ಥಗ್ ಲೈಫ್' ಎಂಬ ಮಾತನ್ನು ಹಚ್ಚೆಯಾಗಿ ಚುಚ್ಚಿಸಿಕೊಂಡನು. ಥಗ್ ಎಂಬ ಪದವು ಭಾರತದಿಂದ ಇಂಗ್ಲೀಷಿಗೆ ಹೋದದ್ದು. ಕನ್ನಡದ ಠಕ್ಕನೂ ಅದರ ದಾಯಾದಿಯೇ. ಅದನ್ನು ಇಂಗ್ಲೀಷ್ ಓದುಗರಲ್ಲಿ ಹರಡಿದವರ ಪೈಕಿ ಮುಖ್ಯನಾದವನು ಸುರಪುರ ಸಂಸ್ಥಾನದ ಆಡಳಿತವನ್ನು ಕೆಲಕಾಲ ನೋಡಿಕೊಂಡ ಮೆಡೋಸ್ ಟೇಲರನು. ಥಗ್ಗನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ ಅವನು ಬರೆದ ಕಾದಂಬರಿಯು ೧೮೩೯ರಲ್ಲಿ ಪ್ರಕಟವಾಯಿತು. ದಾರಿಹೋಕರ ಕತ್ತು ಬಿಗಿಯುವವರ ಹೆಸರು ಅಮೆರಿಕೆಯಲ್ಲಿ ಬೀದಿಯ ಕರಿಯ ಹುಡುಗರಿಗೆ ಬೈಗುಳಾಗಿ ಅಂಟಿದ್ದಿತು. ಟೂಪಾಕನು ಆ ಬೈಗುಳನ್ನೇ ಬಿರುದಾಗಿ ಧರಿಸಿ, ಏನೂ ಇಲ್ಲದವನು ಎಲ್ಲವನ್ನೂ ಮೀರಿ ಬದುಕುವುದೇ ಅದರ ಅರ್ಥವೆಂದು ವ್ಯಾಖ್ಯಾನ ಮಾಡಿದನು. ವ್ಯಾಖ್ಯಾನವು ಜಾಣತನದ್ದು. ಆದರೆ ಪದಗಳು ಹಳೆಯ ಅರ್ಥವನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ೧೯೯೨ರ ಆಗಸ್ಟಿನಲ್ಲಿ ಮರಿನ್ ಸಿಟಿಯ ಉತ್ಸವವೊಂದರಲ್ಲಿ ಅವನ ಕಡೆಯವರಿಗೂ ಬೇರೆಯವರಿಗೂ ಜಗಳವಾಗಿ, ಅವನ ಹೆಸರಿನಲ್ಲಿದ್ದ ಕೋವಿಯಿಂದ ಹಾರಿದ ಗುಂಡು ದೂರದಲ್ಲಿದ್ದ ಆರು ವರ್ಷದ ಹುಡುಗನನ್ನು ಕೊಂದಿತು. ಅವನ ಮೇಲೆ ಕೊಲೆಯ ಆರೋಪ ನಿಲ್ಲಲಿಲ್ಲ. ಮಗುವಿನ ಮನೆಯವರು ಹೂಡಿದ ದಾವೆಯು ೧೯೯೫ರಲ್ಲಿ ಹಣದ ಒಪ್ಪಂದದಿಂದ ಮುಗಿಯಿತು.

೧೯೯೩ನೆಯ ವರ್ಷವು ಅವನ ಚರಿತ್ರೆಯಲ್ಲಿ ಬಹು ಕಠಿನವಾದ ಭಾಗ. ಫೆಬ್ರವರಿಯಲ್ಲಿ ಬಂದ ಎರಡನೆಯ ಸಂಪುಟದಲ್ಲಿ 'ಕೀಪ್ ಯಾ ಹೆಡ್ ಅಪ್' ಎಂಬ ಹಾಡಿದೆ. ಹೆಣ್ಣಿನ ಹೊಟ್ಟೆಯಲ್ಲಿ ಹುಟ್ಟಿ ಹೆಣ್ಣನ್ನೇ ಹಿಂಸಿಸುವ ಗಂಡಸರನ್ನು ಅಷ್ಟು ನೇರವಾಗಿ ಪ್ರಶ್ನಿಸಿದ ರ‍್ಯಾಪ್ ಹಾಡುಗಳು ಆಗ ವಿರಳ. ಅದೇ ವರ್ಷದ ನವೆಂಬರಿನಲ್ಲಿ, ನ್ಯೂಯಾರ್ಕಿನ ಹೋಟೆಲೊಂದರ ಕೋಣೆಯಲ್ಲಿ ಅವನೂ ಅವನ ಸಂಗಡಿಗರೂ ತನ್ನ ಮೇಲೆ ಅತ್ಯಾಚಾರವೆಸಗಿದರೆಂದು ಹತ್ತೊಂಬತ್ತರ ತರುಣಿಯೊಬ್ಬಳು ದೂರಿತ್ತಳು. ಅವನು ಕೊನೆಯವರೆಗೂ ತಪ್ಪನ್ನು ಒಪ್ಪಲಿಲ್ಲ. ಪಂಚರು ೧೯೯೪ರ ಡಿಸೆಂಬರ್ ೧ರಂದು ಹೆಚ್ಚಿನ ಘೋರ ಆರೋಪಗಳಿಂದ ಅವನನ್ನು ಬಿಟ್ಟು, ಲೈಂಗಿಕ ದೌರ್ಜನ್ಯದ ಅಪರಾಧಿಯೆಂದು ತೀರ್ಮಾನಿಸಿದರು. ಹಿಂದಿನ ರಾತ್ರಿಯಷ್ಟೇ ಟೈಮ್ಸ್ ಸ್ಕ್ವೇರ್ ಬಳಿಯ ಧ್ವನಿಮುದ್ರಣ ಶಾಲೆಯೊಂದರ ಹೊಸ್ತಿಲಲ್ಲಿ ದರೋಡೆಕೋರರು ಅವನಿಗೆ ಗುಂಡಿಕ್ಕಿದ್ದರು. ಮೈತುಂಬ ಕಟ್ಟು ಕಟ್ಟಿಸಿಕೊಂಡು, ಗಾಲಿಕುರ್ಚಿಯಲ್ಲಿ ಕುಳಿತು ಅವನು ನ್ಯಾಯಾಲಯಕ್ಕೆ ಬಂದನು. ಈ ದೃಶ್ಯದ ಕರುಣೆಯಲ್ಲಿ ಅಭಿಮಾನಿಗಳು ಆ ತರುಣಿಯನ್ನು ಮರೆತುಬಿಡುತ್ತಾರೆ. ಮರೆಯುವುದು ನ್ಯಾಯವಲ್ಲ. ತನ್ನ ಮೇಲಾದ ಅನ್ಯಾಯವನ್ನು ಪಂಚರೆದುರಿಗೆ ತನ್ನ ಬಾಯಿಂದಲೇ ಹೇಳಿದ ಹೆಣ್ಣು ಈ ಸಲ ಆಫೇನಿಯ ಮಗನಿಗೆ ಎದುರು ಕಕ್ಷಿಯಲ್ಲಿದ್ದಳು.

ಒಂದೂವರೆಯಿಂದ ನಾಲ್ಕೂವರೆ ವರ್ಷದವರೆಗಿನ ಶಿಕ್ಷೆಯಾಗಿ, ನ್ಯೂಯಾರ್ಕ್ ಸಂಸ್ಥಾನದ ಕ್ಲಿಂಟನ್ ಸೆರೆಮನೆಯಲ್ಲಿ ಅವನು ಇದ್ದಾಗಲೇ, ೧೯೯೫ರ ಮಾರ್ಚಿನಲ್ಲಿ 'ಮಿ ಅಗೇನ್ಸ್ಟ್ ದ ವರ್ಲ್ಡ್' ಎಂಬ ಸಂಪುಟವು ಹೊರಬಿದ್ದು ದೇಶದ ಮಾರಾಟದ ಪಟ್ಟಿಯಲ್ಲಿ ಮೊದಲನೆಯದಾಯಿತು. ಸೆರೆಯಲ್ಲಿದ್ದವನ ಸಂಪುಟವೊಂದು ಆ ಸ್ಥಾನಕ್ಕೇರಿದ್ದು ಅದೇ ಮೊದಲು. ಅವನ ಕೃತಿಗಳಲ್ಲಿ ಇದೇ ಶ್ರೇಷ್ಠವೆಂದು ಹೇಳಲು ಅಡ್ಡಿಯಿಲ್ಲ. ಮರಣಭಯವನ್ನೂ ದಣಿವನ್ನೂ ಅಡಗಿಸದೆ ಹೇಳುವ ಆ ನುಡಿಗಳ ನಡುವೆ 'ಡಿಯರ್ ಮಾಮಾ' ಎಂಬ ಹಾಡಿದೆ. ತಾಯಿಯ ಚಟವನ್ನು ಅವನು ಮುಚ್ಚಿಡುವುದಿಲ್ಲ, ಮನೆಯಿಂದ ಹೊರಬಿದ್ದ ದಿನವನ್ನೂ ಮರೆಸುವುದಿಲ್ಲ. ಎಲ್ಲವನ್ನೂ ಹೇಳಿಯೇ ಅವಳಿಗೆ ಋಣಿಯೆನ್ನುತ್ತಾನೆ. ದೋಷವನ್ನು ಒಪ್ಪಿಕೊಂಡು ಗೌರವಿಸುವ ಇಂಥ ಮಾತೃಸ್ತುತಿಯು ಯಾವ ಭಾಷೆಯಲ್ಲಿಯೂ ಹೆಚ್ಚಾಗಿ ಸಿಕ್ಕುವುದಿಲ್ಲ. ಅಷ್ಟರಲ್ಲಿ ಆಫೇನಿಯು ಮಾದಕ ದ್ರವ್ಯವನ್ನು ಬಿಟ್ಟು ಚೇತರಿಸಿಕೊಂಡಿದ್ದಳು.

ಮುಂದಿನ ಕಥೆಯು ಬೇಗ ಮುಗಿಯುತ್ತದೆ. ೧೯೯೫ರ ಅಕ್ಟೋಬರಿನಲ್ಲಿ, ಡೆತ್ ರೋ ಎಂಬ ಧ್ವನಿಮುದ್ರಣ ಸಂಸ್ಥೆಯ ಒಡೆಯ ಷುಗ್ ನೈಟನು ೧೪ ಲಕ್ಷ ಡಾಲರುಗಳ ಜಾಮೀನಿಗೆ ಏರ್ಪಾಡು ಮಾಡಿ ಅವನನ್ನು ಬಿಡಿಸಿದನು. ಬದಲಿಗೆ ತನ್ನ ಸಂಸ್ಥೆಗೆ ಸಂಪುಟಗಳನ್ನು ಕೊಡುವಂತೆ ಕರಾರು ಬರೆಸಿಕೊಂಡನು. ತಾಯಿಯು ಮಾತಿನಿಂದ ತೆರೆದ ಬಾಗಿಲನ್ನು ಮಗನು ಮಾತನ್ನು ಒತ್ತೆಯಿಟ್ಟು ತೆರೆಯಬೇಕಾಯಿತು. ೧೯೯೬ರ ಫೆಬ್ರವರಿಯಲ್ಲಿ ೨೭ ಹಾಡುಗಳ 'ಆಲ್ ಐಜ್ ಆನ್ ಮಿ' ಎಂಬ ಜೋಡಿ ಸಂಪುಟವು ಬಂದು ಅಪಾರವಾಗಿ ಮಾರಾಟವಾಯಿತು. ಅದರಲ್ಲಿ ವಿಜೃಂಭಣೆ ಹೆಚ್ಚು, ಹೃದಯ ಕಡಮೆ. ನ್ಯೂಯಾರ್ಕಿನಲ್ಲಿ ತನಗೆ ಗುಂಡು ಬಿದ್ದುದು ಹಿಂದಿನ ಗೆಳೆಯನಾದ ನೊಟೋರಿಯಸ್ ಬಿ.ಐ.ಜಿ. ಎಂಬ ರ‍್ಯಾಪುಗಾರನ ಅರಿವಿನಿಂದಲೇ ಎಂದು ಅವನು ನಂಬಿದ್ದನು. ಆತನು ಅದನ್ನು ಅಲ್ಲಗಳೆದನು. ಆ ವರ್ಷದ ಬೇಸಗೆಯಲ್ಲಿ ಟೂಪಾಕನು ಹೊರಡಿಸಿದ ನಿಂದಾಗೀತದಲ್ಲಿ ಆತನ ಹೆಂಡತಿಯನ್ನೂ ಬಿಡದೆ ಬೈದನು. ಹೆಣ್ಣಿನ ಮಾನದ ಪರವಾಗಿ ಹಾಡಿದ ನಾಲಗೆಯೇ ಇದನ್ನೂ ಆಡಿತು.

ಸೆಪ್ಟೆಂಬರ್ ೭ರಂದು ಲಾಸ್ ವೇಗಾಸ್ ನಗರದಲ್ಲಿ ಮೈಕ್ ಟೈಸನನ ಮುಷ್ಟಿಯುದ್ಧವನ್ನು ನೋಡಿ ಹೊರಬರುವಾಗ ಅವನೂ ಸಂಗಡಿಗರೂ ವಿರೋಧಿ ತಂಡದ ಒಬ್ಬನನ್ನು ಬಡಿದರು. ಅದೇ ರಾತ್ರಿ ನೈಟನು ಓಡಿಸುತ್ತಿದ್ದ ಮೋಟಾರು ಚೌಕದಲ್ಲಿ ನಿಂತಾಗ ಪಕ್ಕಕ್ಕೆ ಬಂದ ಬಿಳಿಯ ಬಂಡಿಯಿಂದ ಗುಂಡುಗಳು ಹಾರಿದುವು. ಟೂಪಾಕನು ಆರು ದಿನ ಆಸ್ಪತ್ರೆಯಲ್ಲಿದ್ದು ೧೩ರಂದು ತೀರಿಕೊಂಡನು. ಆರು ತಿಂಗಳೊಳಗಾಗಿ ಬಿ.ಐ.ಜಿ.ಯೂ ಅದೇ ವಿಧವಾಗಿ ಹತನಾದನು. ಟೂಪಾಕನ ಕೊಲೆಯ ಆಪಾದನೆಯ ಮೇಲೆ ಪೋಲೀಸರು ಒಬ್ಬನನ್ನು ಬಂಧಿಸಿದ್ದು ೨೭ ವರ್ಷಗಳ ಬಳಿಕ, ೨೦೨೩ರ ಸೆಪ್ಟೆಂಬರಿನಲ್ಲಿ. ಅವನು ತಾನು ನಿರಪರಾಧಿಯೆಂದು ನ್ಯಾಯಾಲಯದಲ್ಲಿ ಹೇಳಿದನು.

ಮಗನು ಸತ್ತಾಗ ಲಕ್ಷಗಟ್ಟಲೆ ಮಾರಾಟವಾದ ಸಂಪುಟಗಳಿಗೆ ತಕ್ಕ ಆಸ್ತಿಯು ಅವನ ಹೆಸರಿನಲ್ಲಿ ಇರಲಿಲ್ಲವೆಂದು ಆಫೇನಿಗೆ ತಿಳಿಯಿತು. ಬಿಡುಗಡೆಯಾಗದ ಹಾಡುಗಳ ಮೂಲಮುದ್ರಿಕೆಗಳು ಡೆತ್ ರೋ ಸಂಸ್ಥೆಯ ವಶದಲ್ಲಿದ್ದುವು. ಆಕೆ ೧೯೯೭ರಲ್ಲಿ ಮತ್ತೆ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದಳು. ಮುದ್ರಿಕೆಗಳನ್ನು ಬಿಡಿಸಿಕೊಂಡು, ಅಮಾರು ಎಂಬ ಹೆಸರಿನ ಸ್ವಂತ ಸಂಸ್ಥೆಯಿಂದ ಅವುಗಳನ್ನು ಒಂದೊಂದಾಗಿ ಹೊರಡಿಸಿದಳು. ಜಾರ್ಜಿಯಾ ಸಂಸ್ಥಾನದ ಸ್ಟೋನ್ ಮೌಂಟನ್ ಊರಿನಲ್ಲಿ ಹುಡುಗರಿಗೆ ನಾಟಕ, ನೃತ್ಯ, ಕಾವ್ಯಗಳನ್ನು ಕಲಿಸುವ ಕೇಂದ್ರವೊಂದನ್ನು ಕಟ್ಟಿಸಿದಳು. ೨೦೧೦ರಲ್ಲಿ ಅಮೆರಿಕೆಯ ರಾಷ್ಟ್ರೀಯ ಗ್ರಂಥಾಲಯವು ಮುಂದಿನ ತಲೆಮಾರುಗಳಿಗಾಗಿ ಕಾದಿಡತಕ್ಕ ಧ್ವನಿಮುದ್ರಣಗಳ ಪಟ್ಟಿಗೆ 'ಡಿಯರ್ ಮಾಮಾ' ಹಾಡನ್ನು ಸೇರಿಸಿತು. ಅಂದು ಆಕೆಗೆ ಅರುವತ್ತಮೂರು ವರ್ಷ. ೨೦೧೬ರ ಮೇ ೨ರಂದು, ಮಗನು ಮನೆಬಿಟ್ಟುಹೋದ ಮರಿನ್ ಸಿಟಿಗೆ ಸಮೀಪದಲ್ಲಿಯೇ, ಆಕೆ ತೀರಿಕೊಂಡಳು.