ಪಕ್ಕದ ಜಿಲ್ಲೆಯ ರೈತ

ಪಾವಗಡದ ನಮ್ಮ ಮನೆಯಲ್ಲಿ ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಾ ಕೂತಾಗ ತಾತ ನೀಲಂ ಸಂಜೀವ ರೆಡ್ಡಿಯವರ ಮಾತು ತೆಗೆಯುತ್ತಿದ್ದರು. "ನಮ್ಮ ಪಕ್ಕದ ಅನಂತಪುರದವರಮ್ಮ, ಹೊಲ ಬಲ್ಲವರು!"

1913ರಲ್ಲಿ ಇಲ್ಲೂರಿನ ಬೇಸಾಯಗಾರರ ಮನೆಯಲ್ಲಿ ಹುಟ್ಟಿದ ರೆಡ್ಡಿಯವರು 1956ರಲ್ಲಿ ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿಯಾದರು. ಎರಡನೇ ಸಲ ಆ ಕುರ್ಚಿಯಲ್ಲಿದ್ದಾಗ, 1964ರಲ್ಲಿ, ಬಸ್ ಮಾರ್ಗಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಆಡಿದ ಮಾತಿಗೆ ರಾಜೀನಾಮೆ ಕೊಟ್ಟರು. 1969ರಲ್ಲಿ ಕಾಂಗ್ರೆಸ್ಸೇ ಅವರನ್ನು ರಾಷ್ಟ್ರಪತಿ ಚುನಾವಣೆಗೆ ನಿಲ್ಲಿಸಿತು. ಇಂದಿರಾ ಗಾಂಧಿಯವರು ಆತ್ಮಸಾಕ್ಷಿಯಂತೆ ಮತ ಹಾಕಿರೆಂದರು, ಗೆದ್ದವರು ವಿ.ವಿ. ಗಿರಿ. ರೆಡ್ಡಿಯವರು ಊರಿಗೆ ಹೋಗಿ ಮತ್ತೆ ಬೇಸಾಯ ಹಿಡಿದರು.

1977ರಲ್ಲಿ ಆಂಧ್ರದಲ್ಲಿ ಜನತಾ ಪಕ್ಷಕ್ಕೆ ದಕ್ಕಿದ ಒಂದೇ ಸ್ಥಾನ ಅವರ ನಂದ್ಯಾಲ. ಅದೇ ಜುಲೈನಲ್ಲಿ ಅವಿರೋಧವಾಗಿ ರಾಷ್ಟ್ರಪತಿ!

ರಾಷ್ಟ್ರಪತಿಯದು ಅಲಂಕಾರದ ಹುದ್ದೆ ಎಂದು ಪೌರನೀತಿ ತರಗತಿಯಲ್ಲಿ ನಾನೇ ಹೇಳಿಕೊಟ್ಟಿದ್ದೇನೆ. ಆದರೆ 1979ರ ಆಗಸ್ಟ್‌ನಲ್ಲಿ ಅವರು ಚರಣ್ ಸಿಂಗ್ ಸಲಹೆಯಂತೆ ಲೋಕಸಭೆ ವಿಸರ್ಜಿಸಿದರು, ಜಗಜೀವನ್ ರಾಂ ಅವರನ್ನು ಸರ್ಕಾರ ರಚಿಸಲು ಕರೆಯಲಿಲ್ಲ. ದಲಿತರೊಬ್ಬರು ಪ್ರಧಾನಿಯಾಗುವ ಅವಕಾಶ ಕೈತಪ್ಪಿತಲ್ಲ ಎಂದು ನನಗೆ ಇಂದಿಗೂ ಬೇಸರವಿದೆ. ತಾತನ ಮುಂದೆ ಹಾಗೆ ಅಂದಾಗಲೆಲ್ಲ ಅವರು ಕಡಲೆಕಾಯಿ ಬುಟ್ಟಿಯನ್ನು ನನ್ನ ಕಡೆ ತಳ್ಳಿ ಸುಮ್ಮನಾಗುತ್ತಿದ್ದರು.

1982ರಲ್ಲಿ ಅವಧಿ ಮುಗಿದ ಮೇಲೆ ರೆಡ್ಡಿಯವರು ಅನಂತಪುರಕ್ಕೇ ಮರಳಿದರು. 1996ರ ಜೂನ್ 1ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ತಾತನಿಗೆ ಪತ್ರಿಕೆ ಓದಿ ಹೇಳಿದವಳು ನಾನೇ.